ಪಾಲು

ರೋಣೂರು ಕ್ರಾಸಿನಲ್ಲಿ ಬಸ್ಸಿಳಿದಾಗ ಚೀಲದಲ್ಲಿ
ಎರಡು ಡಜನ್ ಬಾಳೆಹಣ್ಣು,
ಅಮ್ಮನ ರಟ್ಟು ಕಿತ್ತುಹೋದ ನೋಟುಪುಸ್ತಕ.
ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಸಿಕ್ಕಿದ್ದು.
ಅಕ್ಷರವೆಲ್ಲ ಕನ್ನಡ, ಒಂದೂ ತಪ್ಪದೆ ಓದಬಲ್ಲೆ.
ಓದಿದ್ದು ಏನೆಂದು ಮಾತ್ರ ಗೊತ್ತಿಲ್ಲ.

ಪುಟಪುಟಕ್ಕೂ ಪಾಲು.
ಪಾಲು ಮೂರು. ಪಾಲು ಎರಡೂವರೆ.
ನಮ್ಮ ಮನೆಯವರು ಕನ್ನಡಕ ಏರಿಸಿ ಹೇಳಿದ್ದರು:
'ನಿಮ್ಮಮ್ಮನಿಗೆ ತೌರಿಂದ ಬರಬೇಕಾದ್ದು ಇದು. ಎಕರೆ ಲೆಕ್ಕ.'
ನಾನು ಅದಕ್ಕೆ ಬಂದವಳಲ್ಲ.
ಅದಕ್ಕೂ ಬಂದವಳಿರಬಹುದು, ಸುಳ್ಳೇಕೆ.

ಮಾವಿನಕಾಯಿ ಕ್ರೇಟಿನ ಮೇಲೆ ಕೂತಿದ್ದ ವೆಂಕಟರವಣಪ್ಪ ಮಾಮ
ನನ್ನನ್ನು ಬಿಟ್ಟು ಚೀಲವನ್ನೇ ನೋಡಿದ.
'ಏಮಿಟಿಕಿ ವಸ್ತಿವಮ್ಮಾ?'
ವಸತಿ ಮಾತೆತ್ತಿದನೆಂದುಕೊಂಡು
'ಇಲ್ಲ ಮಾಮ, ಸಂಜೆ ಬಸ್ಸಿಗೇ ಹೊರಡ್ತೀನಿ' ಅಂದೆ.
ಜಗಲಿಯ ಹೆಂಗಸರೆಲ್ಲ ನಕ್ಕರು.
ಯಾಕೆ ಬಂದೆ ಎಂದು ಕೇಳಿದವನು ನಗಲಿಲ್ಲ.

ಹೊಸದುರ್ಗದ ನಮ್ಮಜ್ಜಿ, ಅಪ್ಪನ ತಾಯಿ, ಒಳ್ಳೆಯವಳೇ.
ಸೇರಕ್ಕಿ ಒದ್ದು ಒಳಗೆ ಬಂದ ಸೊಸೆಗೆ
ಮೊದಲ ವಾರವೇ ಹೇಳಿಬಿಟ್ಟಳಂತೆ:
ಆ ಭಾಷೆ ಹೊರಗೆ ಬಿಟ್ಟು ಬಾ, ಚಪ್ಪಲಿ ಬಿಟ್ಟ ಹಾಗೆ.
ಅಮ್ಮ ಬಿಟ್ಟಳು.
ಎಮ್ಮೆಯ ಹತ್ತಿರ ಮಾತ್ರ ಬಿಡಲಿಲ್ಲ.
ಹಾಲು ಕರೆಯುತ್ತ, ಅದರ ಹೊಟ್ಟೆಗೆ ಹಣೆಯೊತ್ತಿ
ಏನೇನೋ ಹೇಳುವಳು;
ಕೊಟ್ಟಿಗೆಯ ಬಾಗಿಲಲ್ಲಿ ನಿಂತ ನನಗೆ
ಎಮ್ಮೆಯ ಮೇಲೆ ಹೊಟ್ಟೆಕಿಚ್ಚು.
ಮಾ ಇಲ್ಲು, ಮಾ ಇಲ್ಲು, ಅನ್ನುತ್ತಿದ್ದಳು.
'ಏನು ಇಲ್ಲಮ್ಮಾ?' ಅಂದರೆ
'ಏನಿಲ್ಲ' ಅಂದಳು.

ಇಲ್ಲು ಅಂದರೆ ಮನೆ.
ಇದು ನನಗೆ ತಿಳಿದದ್ದು ಐವತ್ತೊಂದನೆಯ ವಯಸ್ಸಿನಲ್ಲಿ,
ಆ ಮನೆಯ ಪಡಸಾಲೆಯಲ್ಲೇ ಕೂತು.

ಗಂಗುಲಮ್ಮ ಚಿನ್ನಮ್ಮನಿಗೆ ಕಣ್ಣು ಮಂಜು.
ಪುಸ್ತಕ ಮೂಸಿ ನೋಡಿ, ತಿರುಗಿ ಕೊಟ್ಟು
'ನುವ್ವು ಸದುವು' ಅಂದಳು, ಓದುವ ಹಾಗೆ ಬೆರಳಾಡಿಸಿ.
ಓದಿದೆ. ಅಂಚೆಯವನು ಯಾರದೋ ಕಾಗದ ಹೊತ್ತ ಹಾಗೆ
ಒಳಗೇನಿದೆಯೆಂದು ತಿಳಿಯದೆ:
ಪಾಲು ಮೂರು. ನುರುಗ ಎಕ್ಕುವ.
ಈ ಪೊದ್ದು ನಾತೋ ಎವುರೂ ಮಾಟ್ಲಾಡಲೇದು,
ಎನುಮು ತಪ್ಪ.

ಚಿನ್ನಮ್ಮ ನನ್ನ ಮಣಿಕಟ್ಟು ಹಿಡಿದಳು. 'ಮಳ್ಳೀ' ಅಂದಳು.
ಬೈದಳೆಂದುಕೊಂಡೆ.
ಇನ್ನೊಮ್ಮೆ ಎಂದಂತೆ ಅದು.
ಇನ್ನೊಮ್ಮೆ ಓದಿದೆ. ಮತ್ತೂ ಒಮ್ಮೆ.
ಮೂರನೆಯ ಸಲ ಮಾಟ್ಲಾಡಲೇದು ಎಂಬಲ್ಲಿ
ಮೊದಲು ಮಾತು ಸಿಕ್ಕಿತು, ಹಿಂದೆಯೇ ಇಲ್ಲದ್ದು ಸಿಕ್ಕಿತು.
ಎನುಮು ಯಾರೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.
ಅವಳು ಕಣ್ಣು ಮುಚ್ಚಿಯೇ ಇದ್ದಳು.
ನನ್ನ ಗಂಟಲಿನಲ್ಲಿ ಯಾರಿದ್ದರೋ ಅವರ ಮಾತು
ಅವಳಿಗೆ ಕೇಳುತ್ತಿತ್ತು. ನನಗಲ್ಲ.

'ಪಾಲಂಟೆ ಹಾಲು ಕಣೇ! ಡೈರಿ ಲೆಕ್ಕ, ಎಮ್ಮೆ ಲೆಕ್ಕ!'
ಮುರುಕು ಕನ್ನಡದಲ್ಲಿ ಕೂಗಿದಳು,
ಹಿತ್ತಲಲ್ಲಿದ್ದ ಮಾಮನಿಗೆ ಕೇಳಲೆಂದೇ.
ಆಮೇಲೆ ನನ್ನ ಕಿವಿಯಲ್ಲಿ, ಸಣ್ಣಗೆ:
'ಆದ್ರೆ ನಮ್ಮಲ್ಲೂ ಪಾಲು ಅಂದ್ರೆ ಪಾಲೇ. ಎರಡಕ್ಕೂ ಒಂದೇ ಮಾತು.'

ಸಂಜೆಯ ಬಸ್ಸು ಹೋಯಿತು.

ಬೆಳಿಗ್ಗೆ ಮಾಮ ಬಂದ,
ಒಂದು ಕೈಲಿ ನನಗೆ ಡಿಕಾಕ್ಷನ್ ಲೋಟ,
ಇನ್ನೊಂದರಲ್ಲಿ ಆಗ ಕರೆದ ಹಾಲಿನ ಚೊಂಬು.
ರಾತ್ರಿಯೆಲ್ಲ ಹೊದಿಕೆಯೊಳಗೆ ಜೋಡಿಸಿಕೊಂಡಿದ್ದ
ನನ್ನ ಮೊದಲ ಸ್ವಂತ ತೆಲುಗು:
'ಮಾಮಾ, ಪಾಲು ಕಾವಾಲ.'

ಚೊಂಬು ನಿಂತಲ್ಲೇ ನಿಂತಿತು.
ಒಳಗೆ ಚಿನ್ನಮ್ಮ ಕೆಮ್ಮಿದಳೋ ನಕ್ಕಳೋ.
ಮಾಮ ಈಗ ನನ್ನ ಮುಖ ನೋಡಿದ, ಅದರಲ್ಲಿ
ಅವನಕ್ಕ ಅಶ್ವತ್ಥಮ್ಮ ಎಲ್ಲಾದರೂ ಕಂಡಳೋ ಏನೋ,
ಬಗ್ಗಿಸಿದ.
ಬಗ್ಗಿಸುತ್ತಲೇ ಇದ್ದ; ನೊರೆ ಉಕ್ಕಿ, ಬೆರಳು ಸುಟ್ಟು,
ನೆಲಕ್ಕೆ ಹರಿದರೂ ಸುಮ್ಮನೆ ಹಿಡಿದಿದ್ದೆ:
ಸಾಕು ಅನ್ನಲು ಅವರಲ್ಲಿ ಏನನ್ನುತ್ತಾರೋ
ನನಗಿನ್ನೂ ಬಂದಿರಲಿಲ್ಲ.